ಮಂಡಿ ಸವೆದರೆ ಬದಲಿಸಲೇಬೇಕಾ?

ಪರ: ಡೊಂಬಿವಲಿಯ ಅಕ್ಕ

ಡೊಂಬಿವಲಿ ಸ್ಟೇಷನ್ನಿನ ಬ್ರಿಡ್ಜನ್ನು ನಾನು ಮಗುವಿನ ಹಾಗೆ ಹತ್ತುತ್ತಿದ್ದೆ. ಕಂಬಿ ಹಿಡಿದು, ಒಂದೊಂದು ಮೆಟ್ಟಿಲ ಮೇಲೂ ಎರಡೂ ಕಾಲು ಇಟ್ಟು. ಹಿಂದಿನಿಂದ "ಚಲಾ, ಚಲಾ" ಅಂತ ಜನ ತಳ್ಳೋರು. ಆಮೇಲಾಮೇಲೆ ರಾತ್ರಿ ಮಲಗಿದರೂ ನೋವು. ಎಕ್ಸ್‌ರೇ ನೋಡಿದರೆ ಕುಷನ್ ಸವೆದು, ಎರಡು ಮೂಳೆಗಳ ನಡುವೆ ಜಾಗವೇ ಇಲ್ಲ.

ಅಂಥ ಮಂಡಿಗೆ ಎಣ್ಣೆ ತಿಕ್ಕಿ ಏನು ಬಂತು? ಆಪರೇಷನ್‌ನಲ್ಲಿ ಮೂಳೆಯ ಸವೆದ ತುದಿ ಕತ್ತರಿಸಿ, ಲೋಹದ ಟೋಪಿ ಹಾಕಿ, ನಡುವೆ ಪ್ಲಾಸ್ಟಿಕ್ ಇಡುತ್ತಾರೆ. ವಾಜಪೇಯಿ ಅವರು ಪ್ರಧಾನಿಯಾಗಿದ್ದಾಗಲೇ, 2000ದಲ್ಲಿ ಒಂದು, 2001ರಲ್ಲಿ ಇನ್ನೊಂದು ಮಂಡಿಯನ್ನು ಇದೇ ಮುಂಬಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಬದಲಿಸಿಕೊಂಡರು. ಆಮೇಲೆ ತಾವೂ ನಡೆದರು, ದೇಶವನ್ನೂ ನಡೆಸಿದರು.

ಖರ್ಚು ಜಾಸ್ತಿ, ಸುಳ್ಳಲ್ಲ. ಆದರೂ 2017ರಿಂದ ಕೃತಕ ಮಂಡಿಗೆ ಸರ್ಕಾರ ಗರಿಷ್ಠ ಬೆಲೆ ಕಟ್ಟಿದೆ. ಬೇಗ ಕೆಡುತ್ತೆ ಅನ್ನೋರಿಗೆ ಒಂದು ಮಾತು: ನೂರರಲ್ಲಿ ಸುಮಾರು 82 ಮಂಡಿಗಳು 25 ವರ್ಷ ಬಾಳುತ್ತವೆ. ನನಗೀಗ 67. ಲೆಕ್ಕ ಹಾಕಿ.

ನನ್ನ ಆಪರೇಷನ್ ಆದಮೇಲೆ, ವ್ಯಾಯಾಮ ಮಾಡಿಸೋ ಫಿಸಿಯೋದವಳು ಮಂಡಿ ಮಡಿಸಿದಾಗ ಅತ್ತಿದ್ದೇನೆ. ಆದರೆ ಈಗ ರಾತ್ರಿ ನಿದ್ದೆ ಬರುತ್ತೆ.

ವಿರೋಧ: ಮಾಟುಂಗಾದ ತಮ್ಮ

ಅಕ್ಕನ ಮಂಡಿ ಬೇರೆ, ನನ್ನ ಮಂಡಿ ಬೇರೆ. ನನ್ನ ಎಕ್ಸ್‌ರೇಯಲ್ಲಿ ಇನ್ನೂ ಜಾಗ ಇದೆ. ಬದಲಿಸಿಕೊಂಡವರಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಬ್ಬರಿಗೆ ಪೂರ್ತಿ ಸಮಾಧಾನ ಸಿಗೋದಿಲ್ಲ. ಕತ್ತರಿಸಿದ ಮೂಳೆ ವಾಪಸ್ ಬರೋದೂ ಇಲ್ಲ. ಅಕ್ಕ ಈಗ ಪೂಜೆಗೂ ಕುರ್ಚಿ ಕೇಳುತ್ತಾಳೆ.

ಹಾಗಂತ ಸೂಜಿಯವರನ್ನೂ ನಂಬಬೇಡಿ. ನಾನು ನಂಬಿ ಕೆಟ್ಟೆ. ಒಂದು ಕ್ಲಿನಿಕ್ಕಿನಲ್ಲಿ ನನ್ನದೇ ರಕ್ತ ತೆಗೆದು, ಮೆಷಿನ್ನಿನಲ್ಲಿ ತಿರುಗಿಸಿ, ಹಳದಿ ನೀರಿನಂಥ ಪ್ಲೇಟ್‌ಲೆಟ್ ಭಾಗವನ್ನು ಮಂಡಿಗೆ ಚುಚ್ಚಿದರು. ಪಿಆರ್‌ಪಿ ಅಂತೆ. ಮೂರು ಸಲ. "ಹೊಸ ಕುಷನ್ ಬೆಳೆಯುತ್ತೆ" ಅಂದರು. ಬೆಳೆದದ್ದು ಬಿಲ್ಲು. ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ನಡೆದ ಪರೀಕ್ಷೆ 2021ರಲ್ಲಿ ಪ್ರಕಟವಾಯಿತು. ಕೆಲವರಿಗೆ ಪಿಆರ್‌ಪಿ, ಉಳಿದವರಿಗೆ ಬರೀ ಉಪ್ಪುನೀರು. ವರ್ಷದ ನಂತರ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ!

ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಜೀವಕೋಶವಾಗಿ ಬೆಳೆಯಬಲ್ಲ ಮೂಲಕೋಶದ ಸೂಜಿ? ಬೆಂಗಳೂರಿನಲ್ಲಿ ತಯಾರಾದ ಸ್ಟೆಂಪ್ಯೂಸೆಲ್ ಅನ್ನೋ ಸ್ಟೆಮ್ ಸೆಲ್ ಔಷಧಕ್ಕೆ 2022ರಲ್ಲಿ ಮಂಡಿ ಸವೆತಕ್ಕಾಗಿ ಅನುಮತಿ ಸಿಕ್ಕಿದ್ದು ನಿಜ. ಆದರೆ ಅದು ಆ ಒಂದು ಔಷಧಕ್ಕೆ. ಹೊಟ್ಟೆಯ ಕೊಬ್ಬು ತೆಗೆದು, ಸ್ಟೆಮ್ ಸೆಲ್ ಅಂತ ಮಂಡಿಗೆ ಚುಚ್ಚೋರಿಗೆಲ್ಲ ಅಲ್ಲ.

ಹಾಗಾದರೆ ನಾನೇನು ಮಾಡುತ್ತೇನೆ? ಟವೆಲ್ ಸುತ್ತಿ ಮಂಡಿಯ ಕೆಳಗಿಟ್ಟು, ತೊಡೆ ಬಿಗಿಹಿಡಿದು ಒತ್ತುತ್ತೇನೆ. ಕೈ ಊರದೆ ಕುರ್ಚಿಯಿಂದ ಏಳುತ್ತೇನೆ. ದಿನವಿಡೀ ಹೋಟೆಲ್ ಗಲ್ಲಾದಲ್ಲಿ ಕೂತು, ಮಧ್ಯೆ ಮಧ್ಯೆ ಗೋಳಿಬಜೆ ಬಾಯಿಗೆ ಹಾಕುವವನು ಆರು ಕಿಲೋ ಇಳಿಸೋದು ಸುಲಭ ಅಲ್ಲ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋ ಭಾರ ಕಮ್ಮಿ. ಸುಮ್ನೆ ಬಂತಾ ನನ್ನ ನಡಿಗೆ?

ಹೋದ ಭಾನುವಾರ ಇಬ್ಬರೂ ಮಾಟುಂಗಾ ಬ್ರಿಡ್ಜ್ ಹತ್ತಿದೆವು. ಅಕ್ಕನೇ ಮೊದಲು ಮೇಲೆ ತಲುಪಿದಳು, ಒಪ್ಪುತ್ತೇನೆ. ಇಳಿಯುವಾಗ ಕಂಬಿ ಹಿಡಿದವಳೂ ಅವಳೇ.