ದಸ್ತಗಿರಿಯ ಕಾಗದ ಮೊದಲು ಯಾರ ಕೈಗೆ ಬರಬೇಕು

2024ರ ಗಣೇಶ ವಿಸರ್ಜನೆಯ ಮರುದಿನ ಅಕ್ಕನ ಫೋನ್ ಬಂದಾಗ ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್ ಸಮೀಪದ ನಮ್ಮ ಊರಿನಲ್ಲಿ ಮಧ್ಯಾಹ್ನ ಎರಡು ಗಂಟೆ. ಹುಬ್ಬಳ್ಳಿಯಲ್ಲಿ ನಡುರಾತ್ರಿ ಕಳೆದಿತ್ತು. “ತಮ್ಮಾ, ಹುಡುಗನ್ನ ಕರ್ಕೊಂಡು ಹೋಗ್ಯಾರ, ಯಾವ ಠಾಣೆ ಅಂತ ಯಾರೂ ಹೇಳವಲ್ರು” ಎಂದಳು. ಮೆರವಣಿಗೆಯ ದಿನ ಓಣಿಯ ಹುಡುಗರ ನಡುವೆ ನಡೆದಿದ್ದ ಹೊಡೆದಾಟಕ್ಕೆ ಸಂಬಂಧಿಸಿದಂತೆ ಅವಳ ಮಗನನ್ನೂ ಕರೆದೊಯ್ದಿದ್ದರು. ಭಾವ ಅದೇ ರಾತ್ರಿ ಸ್ಕೂಟರ್ ಹತ್ತಿ ಮೂರು ಠಾಣೆ ತಿರುಗಿದರು. ಮೂರೂ ಕಡೆ “ನಮ್ಮಲ್ಲಿ ತಂದಿಲ್ಲ” ಎಂಬ ಉತ್ತರವೇ ಸಿಕ್ಕಿತು. ಹುಡುಗ ಎಲ್ಲಿದ್ದಾನೆಂಬುದು ಗೊತ್ತಾದದ್ದು ಬೆಳಿಗ್ಗೆ ಒಂಬತ್ತರ ಮೇಲೆ, ಅದೂ ಭಾವನವರ ಪರಿಚಯದ ಚಹಾ ಅಂಗಡಿಯವರೊಬ್ಬರು ಹೇಳಿದ ಮೇಲೆ.

ಅದಕ್ಕೂ ಕೆಲವು ತಿಂಗಳ ಹಿಂದೆ ಇಲ್ಲಿ ನನ್ನ ಕಚೇರಿಯ ಸಹೋದ್ಯೋಗಿಯೊಬ್ಬ ಕುಡಿದು ವಾಹನ ಓಡಿಸಿದ ಆರೋಪದ ಮೇಲೆ ಬಂಧನಕ್ಕೆ ಒಳಗಾಗಿದ್ದ. ರಾತ್ರಿ ಬಂಧನವಾಯಿತು, ಮರುದಿನ ಊಟದ ಹೊತ್ತಿಗೆ ಕಚೇರಿಯ ಅರ್ಧ ಜನ ಅವನ ಭಾವಚಿತ್ರ ನೋಡಿದ್ದರು. ಕೌಂಟಿ (ನಮ್ಮ ಜಿಲ್ಲೆಯಂತಹ ಆಡಳಿತ ವಿಭಾಗ) ಜೈಲಿನ ಜಾಲತಾಣದಲ್ಲಿ ಹೆಸರು ಹಾಕಿದರೆ ಸಾಕು: ಯಾವ ಇಲಾಖೆ ಬಂಧಿಸಿತು, ಎಷ್ಟು ಗಂಟೆಗೆ ಜೈಲಿಗೆ ದಾಖಲಾದ, ಆರೋಪವೇನು, ಜಾಮೀನಿನ ಮೊತ್ತವೆಷ್ಟು, ಎಲ್ಲವೂ ಒಂದೇ ಪುಟದಲ್ಲಿ. ಅವನ ಹೆಂಡತಿ ಯಾರ ಬಾಗಿಲನ್ನೂ ಬಡಿಯಬೇಕಾಗಲಿಲ್ಲ. ಕೆಲವು ತಿಂಗಳ ನಂತರ ನ್ಯಾಯಾಲಯ ಆ ಪ್ರಕರಣವನ್ನು ವಜಾ ಮಾಡಿತು. ಆದರೆ ಆ ಭಾವಚಿತ್ರ ಖಾಸಗಿ ಜಾಲತಾಣಗಳಲ್ಲಿ ಇಂದಿಗೂ ಇದೆ, ಮತ್ತು ವಜಾ ಆದ ಸಂಗತಿ ಅದರ ಕೆಳಗೆ ಎಲ್ಲಿಯೂ ಇಲ್ಲ.

ಈ ಎರಡು ಘಟನೆಗಳು ನನ್ನ ಮನಸ್ಸಿನಲ್ಲಿ ಒಂದರ ಪಕ್ಕ ಒಂದು ಕುಳಿತಿವೆ. ದಸ್ತಗಿರಿಯ ದಾಖಲೆ ಇರುವುದು ಮೊದಲಿಗೆ ಬಂಧಿತನ ರಕ್ಷಣೆಗಾಗಿ ಎಂಬುದು ನನ್ನ ದೃಢವಾದ ನಂಬಿಕೆ. ಸರ್ಕಾರ ಒಬ್ಬ ಮನುಷ್ಯನನ್ನು ಹಿಡಿದು ಕೂರಿಸಿದಾಗ ಯಾಕೆ, ಯಾವಾಗ, ಎಲ್ಲಿ ಎಂಬುದಕ್ಕೆ ಅದು ಕೊಡಬೇಕಾದ ಲಿಖಿತ ಉತ್ತರವೇ ಆ ಕಾಗದ. ಹಾಗಾಗಿ ಅದು ಮನೆಯವರಿಗೆ ವಶೀಲಿ ಇಲ್ಲದೆ, ತಡವಿಲ್ಲದೆ ಸಿಗಬೇಕು. ಊರಿಗೆಲ್ಲ ತೋರಿಸುವುದಾದರೆ ಪ್ರಕರಣ ಕೊನೆಗೆ ಏನಾಯಿತು ಎಂಬುದರ ಸಮೇತ ತೋರಿಸಬೇಕು.

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಂಧನದ ಬಗ್ಗೆ ವಿಧಿಸಿದ ನಿಯಮಗಳು ಈಗ ಬಹುಮಟ್ಟಿಗೆ ಶಾಸನದೊಳಗೇ ಸೇರಿವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ, ಅಪರಾಧ ಪ್ರಕರಣಗಳ ಕಾರ್ಯವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 36ನೇ ಕಲಮಿನಂತೆ ದಸ್ತಗಿರಿ ಮೆಮೊ ಬರೆಯಬೇಕು. ಮನೆಯವರೊಬ್ಬರು ಇಲ್ಲವೇ ಆ ಪ್ರದೇಶದ ಗೌರವಾನ್ವಿತರೊಬ್ಬರು ಸಾಕ್ಷಿ ಹಾಕಬೇಕು, ಬಂಧಿತನೂ ಸಹಿ ಮಾಡಬೇಕು. 48ನೇ ಕಲಮಿನಂತೆ ಬಂಧಿತ ಹೇಳಿದ ಸಂಬಂಧಿಕರಿಗೋ ಗೆಳೆಯರಿಗೋ ಕೂಡಲೇ ಸುದ್ದಿ ಮುಟ್ಟಿಸಿ, ಯಾರಿಗೆ ತಿಳಿಸಲಾಯಿತು ಎಂಬುದನ್ನು ಠಾಣೆಯ ಪುಸ್ತಕದಲ್ಲಿ ನಮೂದಿಸಬೇಕು. 37ನೇ ಕಲಮು ಇನ್ನೂ ಒಂದು ಹೆಜ್ಜೆ ಮುಂದಿದೆ: ಪ್ರತಿ ಠಾಣೆಯಲ್ಲಿ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಅಧಿಕಾರಿ ಬಂಧಿತರ ಹೆಸರು, ವಿಳಾಸ, ಆರೋಪದ ಸ್ವರೂಪ ಇವುಗಳ ಜವಾಬ್ದಾರಿ ಹೊರಬೇಕು, ಮತ್ತು ಆ ವಿವರ ಠಾಣೆಯಲ್ಲಿಯೂ ಜಿಲ್ಲಾ ಕೇಂದ್ರದಲ್ಲಿಯೂ ಎದ್ದು ಕಾಣುವಂತೆ ಪ್ರದರ್ಶಿತವಾಗಿರಬೇಕು. ಆ ರಾತ್ರಿ ಭಾವ ತಿರುಗಿದ ಮೂರು ಠಾಣೆಗಳ ಪೈಕಿ ಒಂದರಲ್ಲಿಯಾದರೂ ಅಂತಹ ಫಲಕವನ್ನು ಯಾರಾದರೂ ಬೆರಳು ಮಾಡಿ ತೋರಿಸಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ.

ಹುಡುಗನನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಿದ ಮೇಲೆ ಜಾಮೀನು ಸಿಕ್ಕಿತು. ಆ ಮೇಲೆ ದಾಖಲೆ ಪಡೆಯುವ ಕೆಲಸಕ್ಕೆ ನನ್ನ ತಮ್ಮ ಕೈ ಹಾಕಿದ. ಎಫ್‌ಐಆರ್ ಸಿಗುವುದು ಕಷ್ಟವಾಗಲಿಲ್ಲ; ಸುಪ್ರೀಂ ಕೋರ್ಟಿನ 2016ರ ಯೂತ್ ಬಾರ್ ಅಸೋಸಿಯೇಷನ್ ತೀರ್ಪಿನ ನಂತರ, ಲೈಂಗಿಕ ಅಪರಾಧ, ಭಯೋತ್ಪಾದನೆಯಂತಹ ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟರೆ, ಎಫ್‌ಐಆರ್ ಸಾಮಾನ್ಯವಾಗಿ 24 ಗಂಟೆಯೊಳಗೆ ಜಾಲತಾಣಕ್ಕೆ ಬರಬೇಕು. ಹುಡುಕಲು ಠಾಣೆಯ ಹೆಸರು, ವರ್ಷ, ಗುನ್ನಾ ನಂಬರ್ ಮೂರೂ ಬೇಕು. ಗುನ್ನಾ ನಂಬರ್ ಪ್ರತಿ ಠಾಣೆಯಲ್ಲಿ ಪ್ರತಿ ವರ್ಷ ಒಂದರಿಂದ ಶುರುವಾಗುತ್ತದೆ. ಠಾಣೆ ಗೊತ್ತಿಲ್ಲದೆ ನಂಬರ್ ಒಂದನ್ನೇ ಹಿಡಿದುಕೊಂಡರೆ ಏನೂ ಸಿಗದು. ಯಾವ ಠಾಣೆ ಯಾರ ಕೈಕೆಳಗೆ ಎಂಬುದನ್ನೂ ತಿಳಿದಿರಬೇಕು: ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಠಾಣೆಗಳು ನವನಗರದ ಪೊಲೀಸ್ ಆಯುಕ್ತರ ವ್ಯಾಪ್ತಿಗೆ ಬಂದರೆ, ಹುಬ್ಬಳ್ಳಿ ಗ್ರಾಮೀಣ ಠಾಣೆ ಧಾರವಾಡದ ಜಿಲ್ಲಾ ಎಸ್‌ಪಿ ವ್ಯಾಪ್ತಿಗೆ ಸೇರಿದ್ದು. ಗದಗ, ಹಾವೇರಿಯವರಿಗೆ ಎಸ್‌ಪಿ ಕಚೇರಿಯೊಂದೇ ಆದ್ದರಿಂದ ಈ ಗೊಂದಲವಿಲ್ಲ.

ಸಿಗದೇ ಹೋದದ್ದು ದಸ್ತಗಿರಿಯ ವಿವರ. ತಮ್ಮ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಮಾಹಿತಿ ಹಕ್ಕಿನ ಅರ್ಜಿ ಬರೆದ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲೆ, 150 ಪದಗಳ ಒಳಗೆ ಇರಬೇಕು. ಆದ್ದರಿಂದ ಅವನು ಎರಡನ್ನು ಮಾತ್ರ ಕೇಳಿದ: ಆ ದಿನದ ಠಾಣಾ ದಿನಚರಿಯಲ್ಲಿ ಹುಡುಗನನ್ನು ಕರೆತಂದ ಹೊತ್ತಿನ ನಮೂದು, ಮತ್ತು ಸುದ್ದಿಯನ್ನು ಯಾರಿಗೆ ಮುಟ್ಟಿಸಲಾಯಿತು ಎಂಬುದರ ನಮೂದು. ಅರ್ಜಿ ತೆಗೆದುಕೊಳ್ಳುವವರು ಕೇಳಿದ ಮೊದಲ ಪ್ರಶ್ನೆ, “ನಿಮಗ್ಯಾಕ ಬೇಕ್ರಿ ಅದು?” ಎಂಬುದಾಗಿತ್ತು. 2005ರ ಮಾಹಿತಿ ಹಕ್ಕು ಕಾಯ್ದೆಯ 6(2)ನೇ ಕಲಮಿನ ಪ್ರಕಾರ ಅರ್ಜಿದಾರ ಕಾರಣ ಹೇಳಬೇಕಾಗಿಲ್ಲ. ಟೆಕ್ಸಾಸ್‌ನ ಸಾರ್ವಜನಿಕ ಮಾಹಿತಿ ಕಾಯ್ದೆಯೂ ಹೀಗೆಯೇ ಹೇಳುತ್ತದೆ; ನಾನು ಇಲ್ಲಿ ಇಮೇಲ್ ಮೂಲಕ ಒಮ್ಮೆ ಪೊಲೀಸ್ ವರದಿಯೊಂದನ್ನು ಕೇಳಿದಾಗ ಆ ಪ್ರಶ್ನೆ ಬರಲಿಲ್ಲ.

ಎರಡು ಕಾನೂನುಗಳ ನಡುವಿನ ನಿಜವಾದ ಅಂತರ ಬೇರೆ ಕಡೆ ಇದೆ, ಮತ್ತು ಅದನ್ನು ನಮ್ಮವರು ಗಮನಿಸಬೇಕೆಂಬುದು ನನ್ನ ಆಸೆ. ಟೆಕ್ಸಾಸ್‌ನಲ್ಲಿ ಕೇಳಿದ ದಾಖಲೆಯನ್ನು ಕೊಡಬಾರದೆಂದು ಇಲಾಖೆಗೆ ಅನಿಸಿದರೆ, ಸಾಮಾನ್ಯವಾಗಿ 10 ಕೆಲಸದ ದಿನಗಳ ಒಳಗೆ ರಾಜ್ಯದ ಮುಖ್ಯ ಕಾನೂನು ಅಧಿಕಾರಿಯಾದ ಅಟಾರ್ನಿ ಜನರಲ್ ಕಚೇರಿಗೆ ಬರೆದು ಅಭಿಪ್ರಾಯ ಕೇಳಬೇಕು. ಆ ಗಡುವು ಮೀರಿದರೆ ಆ ದಾಖಲೆ ಸಾರ್ವಜನಿಕ ಎಂದೇ ಕಾನೂನು ಭಾವಿಸುತ್ತದೆ. ಆಮೇಲೆ ತಡೆಹಿಡಿಯಲು ಬಲವಾದ ಕಾರಣ ಬೇಕು. ಬಂಧನದ ಮೂಲ ವಿವರಗಳನ್ನಂತೂ ತನಿಖೆಯ ನೆಪದಲ್ಲಿ ಮುಚ್ಚಿಡಲು ಬರುವುದಿಲ್ಲ. ನಮ್ಮ ಕಾಯ್ದೆಯಲ್ಲಿ 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮಾಹಿತಿ ನಿರಾಕರಿಸಲಾಗಿದೆ ಎಂದು 7(2)ನೇ ಕಲಮು ಭಾವಿಸುತ್ತದೆ. ಟೆಕ್ಸಾಸ್‌ನಲ್ಲಿ ಅಧಿಕಾರಿ ಸುಮ್ಮನಿದ್ದರೆ ಬಾಗಿಲು ತೆರೆಯುತ್ತದೆ, ನಮ್ಮಲ್ಲಿ ಸುಮ್ಮನಿದ್ದರೆ ಮುಚ್ಚುತ್ತದೆ. ಮುಂದಿನ ಓಡಾಟವೆಲ್ಲ ಅರ್ಜಿ ಹಾಕಿದವನದು. ಜೀವ ಮತ್ತು ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಗೆ 48 ಗಂಟೆಯ ಗಡುವು ನಮ್ಮ ಕಾಯ್ದೆಯಲ್ಲಿದೆ, ನಿಜ. ಆದರೆ ಮಗ ಎಲ್ಲಿದ್ದಾನೆಂದು ತಿಳಿಯದ ತಾಯಿಗೆ 48 ಗಂಟೆಯೂ ದೀರ್ಘವೇ. ಅದಕ್ಕೂ ಮೊದಲೇ, ಸಂವಿಧಾನದ 22ನೇ ವಿಧಿಯ ಪ್ರಕಾರ, ಪ್ರಯಾಣದ ಹೊತ್ತು ಬಿಟ್ಟು, 24 ಗಂಟೆಯೊಳಗೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಿರಬೇಕು.

ತಮ್ಮನಿಗೆ 28ನೇ ದಿನ ಬಂದ ಉತ್ತರ ಒಂದೇ ಸಾಲಿನದು: 8(1)(ಎಚ್) ಕಲಮಿನಂತೆ ಮಾಹಿತಿ ನೀಡಲು ಬರುವುದಿಲ್ಲ. ತನಿಖೆಗೆ ಅಡ್ಡಿಯಾಗುವ ಮಾಹಿತಿಗೆ ಈ ವಿನಾಯಿತಿ ಇದೆ. ಆದರೆ ತನಿಖೆ ನಡೆಯುತ್ತಿದೆ ಎಂಬುದಷ್ಟೇ ಸಾಲದು, ಮಾಹಿತಿ ಕೊಟ್ಟರೆ ತನಿಖೆಗೆ ಹೇಗೆ ಅಡ್ಡಿಯಾಗುತ್ತದೆಂದು ತೋರಿಸಬೇಕು ಎಂದು ದೆಹಲಿ ಹೈಕೋರ್ಟ್ 2007ರಲ್ಲಿಯೇ ಭಗತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಆ ತೀರ್ಪನ್ನು ಉಲ್ಲೇಖಿಸಿ, 30 ದಿನಗಳ ಗಡುವಿನೊಳಗೆ ಮೊದಲ ಮೇಲ್ಮನವಿ ಹಾಕಿದ ಮೇಲೆ ಎರಡು ಪುಟ ಕೊಟ್ಟರು. ಪುಟಕ್ಕೆ ಎರಡು ರೂಪಾಯಿಯಂತೆ ನಾಲ್ಕು ರೂಪಾಯಿ. ಮೊದಲ ಪುಟದಲ್ಲಿ ಕರೆತಂದ ಸಮಯವಿತ್ತು. ಎರಡನೆಯದರಲ್ಲಿ ನೀಲಿ ಶಾಯಿಯಲ್ಲಿ ಒಂದು ಸಾಲು: “ಸದರಿ ವಿಷಯವನ್ನು ಆರೋಪಿತನ ಮನೆಯವರಿಗೆ ಫೋನ್ ಮುಖಾಂತರ ತಿಳಿಸಲಾಗಿದೆ.” ಮನೆಯವರು ಎಂದರೆ ಯಾರು, ಯಾವ ನಂಬರಿಗೆ, ಎಷ್ಟು ಗಂಟೆಗೆ ಎಂಬುದೊಂದೂ ಇರಲಿಲ್ಲ. ಯಾರಿಗೆ ತಿಳಿಸಲಾಯಿತೆಂದು ಬರೆಯಬೇಕೆಂಬುದೇ ಕಾನೂನಿನ ಜೀವಾಳ. ಆ ಒಂದು ಹೆಸರಿದ್ದ ಪಕ್ಷದಲ್ಲಿ ಅಕ್ಕ ರಾತ್ರಿಯಿಡೀ ಬಾಗಿಲಲ್ಲಿ ನಿಲ್ಲಬೇಕಾಗಿರಲಿಲ್ಲ.

ಕಾಗದ ಕೈಗೆ ಬಂದ ಮೇಲೆ ಅದನ್ನು ಓದುವುದು ಇನ್ನೊಂದು ಕೆಲಸ. ಎಫ್‌ಐಆರ್‌ನಲ್ಲಿ ಅಕ್ಕನನ್ನು ಹೆದರಿಸಿದ್ದು ಕಲಮುಗಳ ಸಾಲು: 189(2), 191(2), 115(2), 352, ಸಹ ಕಲಂ 190 ಬಿಎನ್‌ಎಸ್ (ಅಪರಾಧ, ಶಿಕ್ಷೆಗಳನ್ನು ಹೇಳುವ ಭಾರತೀಯ ನ್ಯಾಯ ಸಂಹಿತೆ). ಇಷ್ಟೊಂದು ಗುನ್ನೆ ತನ್ನ ಮಗ ಮಾಡಿದ್ದಾನೆಯೇ ಎಂದು ಅವಳು ಅತ್ತಳು. 189(2) ಕಾನೂನುಬಾಹಿರ ಗುಂಪಿಗೆ, 191(2) ದೊಂಬಿಗೆ, 115(2) ಗಾಯಪಡಿಸಿದ್ದಕ್ಕೆ, 352 ಕೆರಳಿಸುವಂತೆ ಅವಮಾನಿಸಿದ್ದಕ್ಕೆ ಸಂಬಂಧಿಸಿದವು. ಕೊನೆಯಲ್ಲಿರುವ 190 ಮುಖ್ಯವಾದದ್ದು: ಗುಂಪಿನ ಸಮಾನ ಉದ್ದೇಶಕ್ಕಾಗಿ ಒಬ್ಬ ಮಾಡಿದ್ದಕ್ಕೆ ಗುಂಪಿನಲ್ಲಿದ್ದ ಎಲ್ಲರನ್ನೂ ಹೊಣೆ ಮಾಡುವ ಕಲಂ ಅದು. ಅಂದರೆ ಆ ಸಾಲಿನಲ್ಲಿರುವುದು ಒಂದು ಗುಂಪಿನ ಮೇಲಿನ ದೂರು. ಯಾರು ಕೈ ಎತ್ತಿದರು, ಯಾರು ಬದಿಗೆ ನಿಂತಿದ್ದರು ಎಂಬ ತೀರ್ಮಾನ ಅದರಲ್ಲಿಲ್ಲ. ಹಾಗೆಯೇ ಮುಂಜಾಗ್ರತೆಗಾಗಿ ನಾಗರಿಕ ಸುರಕ್ಷಾ ಸಂಹಿತೆಯ 170ನೇ ಕಲಮಿನಡಿ ಬಂಧಿತರಾದವರ, 126ರಡಿ ಮುಚ್ಚಳಿಕೆ ಬರೆದುಕೊಟ್ಟವರ ಹೆಸರುಗಳೂ ಠಾಣೆಯ ಪುಸ್ತಕದಲ್ಲಿ ಇರುತ್ತವೆ. ಶಾಂತಿಭಂಗವಾದೀತೆಂಬ ಶಂಕೆಯಿಂದ ಕೈಗೊಂಡ ಕ್ರಮಗಳವು, ಅಪರಾಧ ಸಾಬೀತಾದದ್ದರ ಗುರುತಲ್ಲ. ಅಮೆರಿಕದಲ್ಲೂ ಜೈಲಿನ ಪುಟದಲ್ಲಿ ಕಾಣುವುದು ಬಂಧಿಸಿದ ಅಧಿಕಾರಿ ಬರೆದ ಆರೋಪ; ಸರ್ಕಾರಿ ವಕೀಲರು ಅದನ್ನು ಇಳಿಸಬಹುದು, ಕೈಬಿಡಲೂಬಹುದು. ನಿಜವಾದ ಕಥೆ ಬೇಕೆಂದರೆ ನ್ಯಾಯಾಲಯದ ಕಡತ ನೋಡಬೇಕು. ನಮ್ಮಲ್ಲಿ ಅದಕ್ಕೆ ಇ-ಕೋರ್ಟ್ಸ್ ಎಂಬ ಜಾಲತಾಣ ಇದೆ. ಜಿಲ್ಲೆ, ಠಾಣೆ, ಗುನ್ನಾ ನಂಬರ್, ವರ್ಷ ಹಾಕಿದರೆ ಪ್ರಕರಣ ಯಾವ ಹಂತದಲ್ಲಿದೆಯೆಂದು ಮನೆಯಲ್ಲಿಯೇ ಕುಳಿತು ತಿಳಿಯಬಹುದು.

ಟೆಕ್ಸಾಸ್‌ನ ಎಲ್ಲವನ್ನೂ ಹುಬ್ಬಳ್ಳಿಗೆ ತನ್ನಿ ಎಂದು ನಾನು ಖಂಡಿತ ಹೇಳುವುದಿಲ್ಲ. ಬಂಧಿತರ ಭಾವಚಿತ್ರಗಳನ್ನು ಗುಡ್ಡೆ ಹಾಕಿಕೊಂಡು, ತೆಗೆಯಲು ಹಣ ಕೇಳುವ ದಂಧೆ ಅಲ್ಲಿ ಎಷ್ಟು ಬೆಳೆಯಿತೆಂದರೆ, ಅದನ್ನು ತಡೆಯಲು 2013ರಲ್ಲಿ ಟೆಕ್ಸಾಸ್ ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು. ನಮ್ಮಲ್ಲಿ ದಂಧೆ ಇಲ್ಲದಿದ್ದರೂ ಸಾಲಾಗಿ ನಿಲ್ಲಿಸಿ ತೆಗೆದ ಚಿತ್ರಗಳು ವಾಟ್ಸ್‌ಆ್ಯಪ್‌ನಲ್ಲಿ ಓಣಿಯಿಂದ ಓಣಿಗೆ ಹೋಗುವುದನ್ನು ಯಾರು ನೋಡಿಲ್ಲ? ತಾಯಿಗೆ ಠಾಣೆಯ ಹೆಸರು ಹೇಳದೆ, ಊರಿಗೆ ಮುಖ ತೋರಿಸುವುದು ಎರಡೂ ಕಡೆಯ ಕೆಟ್ಟದ್ದನ್ನು ಒಟ್ಟುಗೂಡಿಸಿದಂತೆ. ಅಲ್ಲಿಂದ ತೆಗೆದುಕೊಳ್ಳಬೇಕಾದದ್ದು ಗಡುವಿನ ಕಟ್ಟುನಿಟ್ಟು ಮತ್ತು ಮೂಲ ವಿವರಗಳ ಖಚಿತತೆ. ಪ್ರಕರಣ ಬಿದ್ದುಹೋದ ಮೇಲೆ ನ್ಯಾಯಾಲಯದ ಆದೇಶದಿಂದ ಬಂಧನದ ದಾಖಲೆಯನ್ನೇ ಅಳಿಸಿಕೊಳ್ಳಲು ಅಲ್ಲಿನವರಿಗೆ ಇರುವ ದಾರಿಯೂ ನಮ್ಮಲ್ಲಿ ಚರ್ಚೆಗೆ ಬರಬೇಕು.

ದೋಷಾರೋಪಣ ಪಟ್ಟಿ ಸಲ್ಲಿಕೆಯಾದಾಗ ಹುಡುಗನ ಹೆಸರು ಆರೋಪ ಹೊರಿಸದೆ ಬಿಟ್ಟವರ ಅಂಕಣದಲ್ಲಿತ್ತು. ಜಾಲತಾಣದಲ್ಲಿರುವ ಎಫ್‌ಐಆರ್‌ನಲ್ಲಿ ಮಾತ್ರ ಅವನು ಇಂದಿಗೂ ಏಳನೆಯ ಆರೋಪಿತ. ಅಕ್ಕ ನ್ಯಾಯಾಲಯದಿಂದ ಆ ಪಟ್ಟಿಯ ದೃಢೀಕೃತ ನಕಲು ತೆಗೆಸಿ, ನಾಲ್ಕು ರೂಪಾಯಿ ಕೊಟ್ಟು ಪಡೆದ ಎರಡು ಪುಟಗಳ ಜೊತೆಗೆ ಪಿನ್ ಹಾಕಿ ಟ್ರಂಕಿನಲ್ಲಿಟ್ಟಿದ್ದಾಳೆ. ಅವನ ಪಾಸ್‌ಪೋರ್ಟ್ ಅರ್ಜಿಯ ಪೊಲೀಸ್ ಪರಿಶೀಲನೆ ಮುಂದಿನ ತಿಂಗಳಿದೆ. ಮೂರೂ ಹಾಳೆಗಳನ್ನು ಒಟ್ಟಿಗೇ ತೆಗೆದುಕೊಂಡು ಹೋಗು ಎಂದು ಅವನಿಗೆ ಹೇಳಿದ್ದೇನೆ.