ಮೀನು ಸಿಕ್ಕಿದ ಮೇಲೂ ಮುಗಿಯದ ಸಿನಿಮಾಗಳು

ಮೀನು ಹಿಡಿಯೋ ಸಿನಿಮಾ ಅಂದ ತಕ್ಷಣ ಎಲ್ರೂ ಹೇಳೋದು ಜಾಸ್. ನಂಗೂ ಅದು ಇಷ್ಟಾನೇ. 1975ರದ್ದು, ಇವತ್ತು ನೋಡಿದ್ರೂ ಕೈ ಬೆವರುತ್ತೆ. ಆದ್ರೆ ಅದ್ರಲ್ಲಿ ನಾನು ಮತ್ತೆ ಮತ್ತೆ ನೋಡೋದು ಶಾರ್ಕ್ ಬಾಯಿ ತೆಗೆಯೋ ಸೀನ್ ಅಲ್ಲ. ಶಾರ್ಕ್ ಬೇಟೆಗಾರ ಕ್ವಿಂಟ್ ಗಾಳ ಹಿಡ್ಕೊಂಡು ಕುರ್ಚಿ ಮೇಲೆ ಕೂತಿರ್ತಾನೆ, ರೀಲು ಟಿಕ್ ಅನ್ನುತ್ತೆ, ಅವ್ನು ಯಾರಿಗೂ ಏನೂ ಹೇಳಲ್ಲ, ಮೆಲ್ಲಗೆ ಮೈಗೆ ಬೆಲ್ಟ್ ಬಿಗ್ಕೋತಾನೆ, ಬೋಟಲ್ಲಿರೋ ಇನ್ನಿಬ್ರಿಗೆ ಏನಾಗ್ತಿದೆ ಅಂತ ಇನ್ನೂ ಗೊತ್ತೇ ಆಗಿರಲ್ಲ. ಕಸುಬು ಬಲ್ಲೋನನ್ನ ಅಷ್ಟು ಚೆನ್ನಾಗಿ ತೋರ್ಸಿದ್ದು ಕಡಿಮೆ.

ಆದ್ರೂ ನನ್ನ ಫೇವರಿಟ್ ಲಿಸ್ಟಲ್ಲಿ ಅದು ಮೇಲಿಲ್ಲ. ಯಾಕಂದ್ರೆ ನನ್ನ ಪ್ರಕಾರ ಮೀನುಗಾರರ ಸಿನಿಮಾ ಮೀನು ದೋಣಿಗೆ ಬಿದ್ದಲ್ಲಿಗೆ ನಿಲ್ಲಬಾರ್ದು, ಆ ಮೀನನ್ನ ಯಾರು ತೂಗ್ತಾರೆ, ಯಾರು ರೇಟ್ ಕಟ್ತಾರೆ, ಅಲ್ಲೀತನಕ ಹೋಗ್ಬೇಕು. 1992ರ ಎ ರಿವರ್ ರನ್ಸ್ ಥ್ರೂ ಇಟ್ ನೋಡೋಕೆ ಕಣ್ಣಿಗೆ ಹಬ್ಬ, ಗಾಳದ ದಾರ ಗಾಳೀಲಿ ಸುತ್ತೋದು ನೋಡ್ತಾ ಕೂತ್ರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಆದ್ರೆ ಅಲ್ಲಿ ಮೀನು ಸಿಗ್ಲಿಲ್ಲ ಅಂದ್ರೂ ಯಾರ ಮನೇಲೂ ಒಲೆ ಆರಲ್ಲ. ಅದು ಬೇರೆ ಮಾತು.

ದಿ ಪರ್ಫೆಕ್ಟ್ ಸ್ಟಾರ್ಮ್ (2000) ತಗೊಳ್ಳಿ. 1991ರಲ್ಲಿ ಆಂಡ್ರಿಯಾ ಗೇಲ್ ಅನ್ನೋ ಬೋಟು ಆರು ಜನರ ಸಮೇತ ಕಾಣೆಯಾಯ್ತಲ್ಲ, ಅದರ ಕಥೆ. ಎಲ್ರೂ ಅದರ ದೈತ್ಯ ಅಲೆ ಬಗ್ಗೆ ಮಾತಾಡ್ತಾರೆ, ನಂಗೆ ಎದೆ ಹಿಂಡೋದು ಐಸ್ ಮಷೀನು. ಬೋಟು ತುಂಬ ಮೀನು ಸಿಕ್ಕಿದೆ, ಮಷೀನು ಕೆಟ್ಟಿದೆ, ಬಿರುಗಾಳಿ ಇಳಿಯೋತನಕ ಕಾದ್ರೆ ಮೀನು ಕೊಳೆಯುತ್ತೆ, ಮೀನು ಕೊಳೆತ್ರೆ ಈ ಟ್ರಿಪ್ಪೂ ಲಾಸ್. ಅದಕ್ಕೇ ನುಗ್ತಾರೆ ಅವ್ರು, ಶೂರತನಕ್ಕಲ್ಲ.

ಮಲಯಾಳಂನ ಚೆಮ್ಮೀನ್ (1965) ಅಂದ್ರೆ ಎಲ್ರೂ ಕರುತ್ತಮ್ಮ, ಪರೀಕುಟ್ಟಿ, ಸಲಿಲ್ ಚೌಧರಿ ಹಾಡು ಅಂತಾರೆ. ಸರಿನೇ. ಆದ್ರೆ ಆ ಕಥೆ ಕೆಡೋದು ಪ್ರೀತಿಯಿಂದ ಅಷ್ಟೇ ಅಲ್ಲ, ಸಾಲದಿಂದ ಕೂಡ. ಕರುತ್ತಮ್ಮನ ಅಪ್ಪ ಚೆಂಬನ್‌ಕುಂಜು ದೋಣಿ ಬಲೆಗೆ ಅಂತ ಅವಳನ್ನ ಪ್ರೀತಿಸೋ ಮೀನು ವ್ಯಾಪಾರಿ ಪರೀಕುಟ್ಟಿ ಹತ್ರ ದುಡ್ಡು ತಗೋತಾನೆ, ಮೀನು ನಿಂಗೇ ಮಾರ್ತೀನಿ ಅಂದೋನು ಮೀನು ಬಂದಾಗ ಮಾತು ತಪ್ತಾನೆ. ಪ್ರೇಮಕಥೆ ಒಳಗೇ ವ್ಯಾಪಾರದ ಮೋಸ ಸೇರ್ಕೊಂಡಿದೆ, ಅದ್ನ ಬಿಟ್ಟು ಬರೀ ಹಾಡು ನೆನಪಿಟ್ಕೊಂಡ್ರೆ ಅರ್ಧ ಸಿನಿಮಾ ನೋಡ್ದಂಗೆ.

ಇವೆಲ್ಲಕ್ಕಿಂತ ಮೇಲೆ ನಾನು ಇಡೋದು ಇಟಲಿಯ ನಿರ್ದೇಶಕ ವಿಸ್ಕೊಂಟಿಯ ಲಾ ತೆರ್ರಾ ಟ್ರೆಮಾ, 1948. ಸಿಸಿಲಿಯ ಆಚಿ ತ್ರೆಜ್ಜಾ ಅನ್ನೋ ಊರು, ಆ ಊರಿನ ಜನರೇ ನಟರು, ಅವ್ರು ಆಡೋದು ತಮ್ಮದೇ ಸಿಸಿಲಿ ಮಾತು, ಉಳಿದ ಇಟಲಿಯವ್ರಿಗೇ ಅರ್ಥ ಆಗಲ್ಲ ಅಂತ ಹಿನ್ನೆಲೇಲಿ ಇಟಾಲಿಯನ್ ಧ್ವನಿ ಹಾಕಿದ್ರು. ಅದ್ರಲ್ಲಿ ನತೋನಿ ಅಂತ ಒಬ್ಬ ಹುಡುಗ. ರಾತ್ರಿಯಿಡೀ ಸಮುದ್ರದಲ್ಲಿ ಒದ್ದಾಡಿ ಬಂದ ಮೀನಿಗೆ ವ್ಯಾಪಾರಿಗಳು ತಾವು ಹೇಳಿದ್ದೇ ರೇಟು ಅಂತಾರೆ, ಒಂದಿನ ಅವ್ನು ತಲೆಕೆಟ್ಟು ಅವ್ರ ತಕ್ಕಡಿಗಳನ್ನೇ ಸಮುದ್ರಕ್ಕೆ ಎಸೀತಾನೆ. ಆಮೇಲೆ ಮನೆ ಅಡ ಇಟ್ಟು ಸ್ವಂತ ಕಸುಬು ಶುರು ಮಾಡ್ತಾನೆ, ಮನೆಯವ್ರೆಲ್ಲ ಸೇರಿ ಮೀನಿಗೆ ಉಪ್ಪು ಹಾಕಿ ಪೀಪಾಯಿ ತುಂಬ್ತಾರೆ, ಆ ಸೀನಲ್ಲಿ ಅವ್ರ ಮುಖದಲ್ಲಿರೋ ಖುಷಿ ನೋಡಿದ್ರೆ ಮುಂದೇನಾಗುತ್ತೋ ಅಂತ ಭಯ ಆಗುತ್ತೆ. ಒಂದೇ ಬಿರುಗಾಳಿ, ದೋಣಿ ಹೋಯ್ತು. ಕರಿ ಶಾಲು ಹೊದ್ದ ಹೆಂಗಸರು ಬಂಡೆ ಮೇಲೆ ನಿಂತು ಸಮುದ್ರ ನೋಡೋ ಆ ಶಾಟ್ ನಂಗೆ ಎಷ್ಟೋ ದಿನ ಕಣ್ಣಲ್ಲೇ ಇತ್ತು. ಉಪ್ಪು ಹಾಕಿಟ್ಟ ಮೀನೂ ಕೊನೆಗೆ ಅದೇ ವ್ಯಾಪಾರಿಗಳಿಗೇ, ಕೊಟ್ಟಷ್ಟಕ್ಕೆ.

ಕೆಲ್ಸ ಕೊಡಿ ಅಂತ ನತೋನಿ ಮತ್ತೆ ಅವ್ರ ಮುಂದೇನೇ ಹೋಗಿ ನಿಲ್ತಾನೆ, ಅವ್ರು ನಗ್ತಾರೆ, ಇವ್ನು ಸುಮ್ನೆ ನಿಂತಿರ್ತಾನೆ. ಕೊನೇಲಿ ಮತ್ತೆ ಸಮುದ್ರ, ಬೇರೆಯವರ ದೋಣಿ, ಅವ್ನು ಹುಟ್ಟು ಹಾಕ್ತಾ ಇರ್ತಾನೆ.