ಹೊಸ ಬಣ್ಣ ಕಂಡರೆ ಮೊದಲು ಅನುಮಾನ ಪಡಿ

ಹಳೇ ಕ್ಯಾಬಿನ್ ಬೋಟ್ ಹೊಸದರ ಅರ್ಧ ದುಡ್ಡಿಗೆ ಸಿಗುತ್ತದೆ ಎಂದು ಹಳೇ ಬೋಟ್ ಕೊಳ್ಳುವ ಬಗ್ಗೆ ಬಂದ ಲೇಖನದಲ್ಲಿ ಬರೆದದ್ದು ಸರಿಯೇ. ಉಳಿದರ್ಧ ಎಲ್ಲಿ ಖರ್ಚಾಗುತ್ತದೆ ಅನ್ನುವುದನ್ನೂ ಬರೆಯಬೇಕಿತ್ತು.

ಮೊದಲು ನೋಡಬೇಕಾದ್ದು ಇಂಜಿನ್ ಕೂರಿಸುವ ಹಿಂಬದಿ ಹಲಗೆ. ಹಳೇ ಬೋಟುಗಳಲ್ಲಿ ಫೈಬರ್ ಒಳಗೆ ಹೆಚ್ಚಾಗಿ ಪ್ಲೈವುಡ್ ಇರುತ್ತದೆ. ಬೋಲ್ಟಿನ ತೂತಿನಿಂದ ನೀರಿಳಿದು ಕೊಳೆಯುತ್ತದೆ, ಮೇಲೆ ಬಣ್ಣ ಮಾತ್ರ ಫಳಫಳ. ಸ್ಕ್ರೂಡ್ರೈವರಿನ ಹಿಡಿಯಿಂದ ಅಂಗೈ ಅಗಲಕ್ಕೊಮ್ಮೆ ತಟ್ಟುತ್ತ ಹೋಗಿ. ಟಕ್ ಟಕ್ ಅಂದರೆ ಗಟ್ಟಿ, ದಬ್ ಅಂದರೆ ಒಳಗೆ ಕೊಳೆತಿದೆ. ಔಟ್‌ಬೋರ್ಡಿನ (ಹಿಂಬದಿ ಹಲಗೆಗೆ ಹೊರಗಿನಿಂದ ತೂಗುಹಾಕುವ ಇಂಜಿನ್) ಕೆಳತುದಿ ಹಿಡಿದು ಅಲುಗಿಸಿದಾಗ ಹಲಗೆಯೇ ಬಾಗಿದರೆ ಮುಂದಿನ ಮಾತೇ ಬೇಡ.

ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ನೀವು ಹೋಗುವ ಹೊತ್ತಿಗೇ ಬಿಸಿಯಾಗಿದ್ದರೆ ಮಾಲೀಕರು ಏನೋ ಮುಚ್ಚಿಡುತ್ತಿದ್ದಾರೆ ಎಂದೇ ಲೆಕ್ಕ. ಗೇರ್ ಆಯಿಲಿನ ಕೆಳಗಿನ ಸ್ಕ್ರೂ ಸಡಿಲಿಸಿ ನಾಲ್ಕು ಹನಿ ಬೆರಳಿಗೆ ತಗೊಳ್ಳಿ: ಹಾಲು ಹಾಕಿದ ಕಾಫಿ ಬಣ್ಣವಿದ್ದರೆ ಸೀಲ್ ಹೋಗಿ ನೀರು ಸೇರಿದೆ. ಗೇಜ್ ಹಾಕಿ ಅಳೆದಾಗ ಸಿಲಿಂಡರುಗಳ ಕಂಪ್ರೆಷನ್ನಿನಲ್ಲಿ (ಒಳಗಿನ ಒತ್ತಡದಲ್ಲಿ) ಒಂದಕ್ಕೂ ಇನ್ನೊಂದಕ್ಕೂ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಇಂಜಿನ್ನಿಗೆ ಬೆಲೆ ಕಟ್ಟಬೇಡಿ. ಇಂಪೆಲ್ಲರ್ (ಇಂಜಿನ್ ತಣಿಸುವ ನೀರೆಳೆಯುವ ರಬ್ಬರ್ ಚಕ್ರ), ಜಿಂಕ್ ಆನೋಡ್ (ತಾನು ಸವೆದು ಇಂಜಿನ್ನನ್ನು ತುಕ್ಕಿನಿಂದ ಉಳಿಸುವ ಸತುವಿನ ತುಂಡು) ಹೇಗೂ ಬದಲಿಸಬೇಕು, ಅದು ಸಣ್ಣ ಖರ್ಚು.

ಕಾರವಾರದಲ್ಲಿ ಇಟ್ಟುಕೊಳ್ಳುವವರಿಗೆ ಇನ್ನೊಂದು ಮಾತು. ಕಾಳಿ ನದಿಯ ಅಳಿವೆಯಲ್ಲಿ ಮರಳುದಿಬ್ಬ. ಇಳಿತದ ಹೊತ್ತಿಗೆ ಆಳ ಕುಳಿತ ಇನ್‌ಬೋರ್ಡ್ (ಇಂಜಿನ್ ಒಳಗೇ ಇರುವ) ಡೀಸೆಲ್ ಬೋಟ್ ತಳ ಹಿಡಿಯುತ್ತದೆ. ಇಲ್ಲಿಗೆ ನೀರಿಗಿಳಿದ ಇಂಜಿನ್ ಕಾಲನ್ನು ಮೇಲೆತ್ತಬಹುದಾದ ಔಟ್‌ಬೋರ್ಡೇ ವಾಸಿ. ಮಳೆಗಾಲದಲ್ಲಿ ಬೋಟ್ ದಡ ಹತ್ತಲೇಬೇಕು, ಹಾಗಾಗಿ ಟ್ರೇಲರ್ ಸಮೇತ ಕೊಟ್ಟರೆ ಮಾತ್ರ ಅದು ಅಗ್ಗ.